ಓಟಿಗೆ ಹಾಕಿದ ಮದುವೆ

ಕನ್ನಡದ ಸಭೆಯಲ್ಲಿ ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗುವ ಸುದ್ದಿ ಯಾಕೆ ಅಂತ ಮಾಷ್ಟ್ರೊಬ್ಬರು ಆಗಲೇ ಕೇಳಿದರು. ಐದು ನಿಮಿಷ ಕೇಳಿ ಮಾಷ್ಟ್ರೇ, ಆಮೇಲೆ ಬೈಯಿರಿ.

2008ರ ಮೇ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸುಪ್ರೀಂ ಕೋರ್ಟು ಸಲಿಂಗಿಗಳಿಗೂ ಮದುವೆಯ ಹಕ್ಕುಂಟು ಅಂತ ತೀರ್ಪು ಕೊಟ್ಟಿತು. ಕೆಲವೇ ತಿಂಗಳಲ್ಲಿ ಸುಮಾರು 18,000 ಜೋಡಿಗಳು ಮದುವೆಯಾದವು. ನವೆಂಬರ್ 4ಕ್ಕೆ ಚುನಾವಣೆ. ಒಬಾಮಾಗೆ ಶೇ. 61 ಮತ ಕೊಟ್ಟ ಅದೇ ಜನರ ಮುಂದೆ 'ಪ್ರೊಪೊಸಿಷನ್ 8' ಅಂತ ಒಂದು ಪ್ರಶ್ನೆಯೂ ಇತ್ತು: ಮದುವೆ ಅಂದ್ರೆ ಗಂಡು-ಹೆಣ್ಣಿನದು ಮಾತ್ರ ಅಂತ ರಾಜ್ಯದ ಸಂವಿಧಾನದಲ್ಲಿ ಬರೆಯಬೇಕೇ? ಶೇ. 52 ಮಂದಿ ಹೌದು ಅಂದರು. ಅವತ್ತೇ ಸಾಕಣೆ ಕೋಳಿಗಳಿಗೆ ರೆಕ್ಕೆ ಬಿಚ್ಚುವಷ್ಟು ಜಾಗ ಕೊಡಬೇಕು ಅನ್ನುವ ಇನ್ನೊಂದು ಪ್ರಶ್ನೆ ಶೇ. 63 ಮತ ಪಡೆದು ಗೆದ್ದಿತು! ಕೋಳಿಗೆ ಜಾಗ ಸಿಕ್ಕಿದ್ದು ಸಂತೋಷವೇ. ಆದ್ರೂ ನಮಗೆ ಇದನ್ನು ಓದಿ ಹೊಟ್ಟೆ ಉರಿಯಿತು.

ಯಾಕೆ ಉರಿಯಿತು ಅಂದ್ರೆ, ಆ ಲೆಕ್ಕ ನಮಗೆ ಗೊತ್ತಿರುವ ಲೆಕ್ಕ. ಕಾಸರಗೋಡಿನಲ್ಲಿ ಕನ್ನಡ ಶಾಲೆ ಬೇಕಾ ಬೇಡ್ವಾ ಅಂತ ನಾಳೆ ಕೇರಳದ 14 ಜಿಲ್ಲೆಯವರನ್ನೂ ಕೇಳಿದರೆ ಏನಾದೀತು? ಕೊಲ್ಲಂ, ಕೋಟ್ಟಯಂನವರಿಗೆ ನಮ್ಮ ಮೇಲೆ ದ್ವೇಷ ಏನಿಲ್ಲ. ಅವರಿಗೆ ಕನ್ನಡ ಶಾಲೆಯ ಅಗತ್ಯ ಇಲ್ಲ, ಅಷ್ಟೆ. ಸೋಲಾಪುರದ್ದೂ ಇದೇ ಕತೆ, ತಾಳವಾಡಿಯದ್ದೂ ಇದೇ. ಹಾಗಾಗಿಯೇ ಸಂವಿಧಾನದ 29, 30, 350ಎ ವಿಧಿಗಳನ್ನು ನಾವು ಹಿಡಿದುಕೊಂಡು ಕೂತಿರುವುದು. ತಲೆ ಎಣಿಸಿದರೆ ನಾವು ಯಾವತ್ತೂ ಸೋಲುವವರೇ.

ಅಲ್ಲಿಯ ಪ್ರಚಾರದ ಜಾಹೀರಾತುಗಳಲ್ಲಿ ದೊಡ್ಡ ಮಾತು ಯಾವುದು ಗೊತ್ತುಂಟಾ? ಮಕ್ಕಳಿಗೆ ಶಾಲೆಯಲ್ಲಿ ಇದನ್ನೆಲ್ಲ ಕಲಿಸ್ತಾರೆ, ಮಕ್ಕಳನ್ನು ಕಾಪಾಡಿ ಅಂತ. ಕನ್ನಡ ಬಿಡಿಸುವವರೂ ನಮ್ಮ ಹತ್ತಿರ 'ಮಕ್ಕಳ ಒಳ್ಳೇದಕ್ಕೆ' ಅಂತಲೇ ಬರುವುದು.

ಇನ್ನು ನಮ್ಮೊಳಗಿನ ಮಾತು. ನಮ್ಮ ಗಡಿ ಊರುಗಳಲ್ಲಿಯೂ ಅಂಥ ಹುಡುಗರು, ಹುಡುಗಿಯರು ಇದ್ದಾರೆ. ಸರಕಾರಿ ಕಚೇರಿಯಲ್ಲಿ ಕನ್ನಡ ಅರ್ಜಿ ಹಿಡಿದು ನಿಂತು ಬೈಗುಳ ತಿಂದವರು ಮನೆಗೆ ಬಂದು ಇನ್ನೊಂದು ಬಾಯಿ ಮುಚ್ಚಿಕೊಳ್ಳಬೇಕು. 2018ರಲ್ಲಿ ನಮ್ಮ ಸುಪ್ರೀಂ ಕೋರ್ಟು ಅವರ ಪ್ರೀತಿ ಅಪರಾಧವಲ್ಲ ಅಂದಿತು. ಮದುವೆಯ ವಿಷಯ ಬಂದಾಗ, 2023ರ ಅಕ್ಟೋಬರ್ 17ರಂದು, ಅದು ಸಂಸತ್ತು ಮಾಡಬೇಕಾದ ಕೆಲಸ ಅಂತ ಬಿಟ್ಟಿತು. ಮತ್ತೆ ತಲೆ ಎಣಿಕೆಯೇ.

ಕ್ಯಾಲಿಫೋರ್ನಿಯಾದಲ್ಲಿ ಕೋರ್ಟುಗಳ ಮೂಲಕ 2013ರಲ್ಲಿ ಮದುವೆಗಳು ಮತ್ತೆ ಶುರುವಾದವು. ಆ ಸಾಲನ್ನು ಸಂವಿಧಾನದಿಂದ ಮತದಾರರೇ ಅಳಿಸಿದ್ದು 2024ರಲ್ಲಿ, 16 ವರ್ಷ ಕಳೆದ ಮೇಲೆ. ಅಷ್ಟರೊಳಗೆ ಕಾದು ಕಾದು ತೀರಿಹೋದವರೂ ಇರಬೇಕಲ್ಲ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇಂಥವರ ಮೇಲೆ ತಮಾಷೆ ಬರ್ತಾ ಉಂಟು. ಇವತ್ತಿನಿಂದ ಅದನ್ನು ತೆಗೆದುಹಾಕ್ತೇವೆ. ಇದಕ್ಕೆ ಮಾತ್ರ ಓಟು ಕೇಳುವುದಿಲ್ಲ.