ಎ, ಆ್ಯನ್, ದ: ಭಯ ಬೇಡ, ಕೇಳುವವರ ನೆನಪಿರಲಿ

(ವಿದ್ಯಾರ್ಥಿಗಳ ಇಂಗ್ಲಿಷ್ ಕಾರ್ಯಾಗಾರದಲ್ಲಿ ಮಾಡಿದ ಭಾಷಣದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರೇ, ಸಂಘದ ಪದಾಧಿಕಾರಿಗಳೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಂದ ಬಂದಿರುವ ಪಾಲಕರೇ, ಪ್ರೀತಿಯ ವಿದ್ಯಾರ್ಥಿ ವಿದ್ಯಾರ್ಥಿನಿಯರೇ, ಅಸ್ಸಲಾಮು ಅಲೈಕುಮ್.

ನಾನು 'ಆರ್ಟಿಕಲ್' ಬಗ್ಗೆ ಮಾತಾಡುತ್ತೇನೆ ಎಂದಾಗ ಹಿರಿಯರೊಬ್ಬರು, "371ಜೆ ಬಗ್ಗೆಯೇನ್ರಿ ಸಾರ್?" ಎಂದು ಕೇಳಿದರು. ಅವರದು ತಪ್ಪಲ್ಲ. ನಮ್ಮ ಭಾಗದಲ್ಲಿ ಆ ಪದಕ್ಕೆ ಮೊದಲು ನೆನಪಾಗುವುದು ಸಂವಿಧಾನದ ಆ ವಿಧಿಯೇ. 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ ಹೈದರಾಬಾದ್ ಕರ್ನಾಟಕದ ಮಕ್ಕಳಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿ ದೊರೆಯಿತು. ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ, ಬಳ್ಳಾರಿಗೆ ಮರಳಿದ ಮೇಲೆ ಆ ಸೌಲಭ್ಯ ಪಡೆಯಿತು. 2021ರಿಂದ ನಮ್ಮ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ. ಆ ಆರ್ಟಿಕಲ್ ಬಾಗಿಲು ತೆರೆದಿದೆ. ಆದರೆ ಒಳಗೆ ಕಾಲಿಡುವಾಗ ಪರೀಕ್ಷೆಯಲ್ಲಿ, ಸಂದರ್ಶನದಲ್ಲಿ ಇನ್ನೊಂದು ಆರ್ಟಿಕಲ್ ಎದುರಾಗುತ್ತದೆ. ಅದೇ ಇಂಗ್ಲಿಷಿನ 'ಎ', 'ಆ್ಯನ್', 'ದ'. ಇವು ತಪ್ಪೀತೆಂಬ ಭಯಕ್ಕೆ ಬಾಯಿಯನ್ನೇ ತೆರೆಯದ ಜಾಣ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಆ ಭಯ ಬಿಡಿಸುವುದೇ ಈ ಮಾತಿನ ಉದ್ದೇಶ.

ಮೊದಲನೆಯ ವಿಷಯ: ಇಲ್ಲಿ ತಪ್ಪುವುದು ದಡ್ಡತನದಿಂದಲ್ಲ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಉರ್ದುವಿನಲ್ಲೂ ಇಲ್ಲ. ಇಲ್ಲದ್ದನ್ನು ಹೊಸದಾಗಿ ಕಲಿಯುವಾಗ ಯಾರಾದರೂ ಎಡವುತ್ತಾರೆ. ಆದರೆ ಆರ್ಟಿಕಲ್ ಮಾಡುವ ಕೆಲಸ ನಮ್ಮ ಭಾಷೆಗಳಲ್ಲೂ ಉಂಟು. ಅಜ್ಜಿ ಕಥೆ ಹೇಳುವುದನ್ನು ನೆನೆಯಿರಿ. "ಒಂದು ಊರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು." ಮನೆಯಲ್ಲಿ ದಾದಿಮಾ ಹೇಳಿದರೆ "ಏಕ್ ಬಾದ್‌ಶಾ ಥಾ. ಉಸ್ ಬಾದ್‌ಶಾ ಕೇ ತೀನ್ ಬೇಟೇ ಥೇ." ಮೊದಲ ಸಲ 'ಒಬ್ಬ', ಎರಡನೆಯ ಸಲ 'ಆ'. ಮೊದಲ ಸಲ 'ಏಕ್', ಎರಡನೆಯ ಸಲ 'ಉಸ್'. ಇಂಗ್ಲಿಷಿನ ನಿಯಮವೂ ಇಷ್ಟೇ. "ಐ ಸಾ ಎ ಬೇರ್ ನಿಯರ್ ಗುಡೇಕೋಟೆ. ದ ಬೇರ್ ವಾಸ್ ಅಸ್ಲೀಪ್." ಯಾವ ಕರಡಿ ಎಂದು ಕೇಳುವವರಿಗೆ ಮೊದಲು ಗೊತ್ತಿರಲಿಲ್ಲ, ಆದ್ದರಿಂದ 'ಎ'. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಗೊತ್ತಾಯಿತು, ಆದ್ದರಿಂದ 'ದ'. 'ಎ' ಮತ್ತು 'ಆ್ಯನ್' ಹುಟ್ಟಿದ್ದೂ ಹಳೆಯ ಇಂಗ್ಲಿಷಿನಲ್ಲಿ 'ಒಂದು' ಎಂಬ ಅರ್ಥವಿದ್ದ ಪದದಿಂದಲೇ.

ಹಾಗಾದರೆ ಬರೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆಂದು ಕೇಳುವವರಿಗೆ ತಿಳಿದಿದೆಯೇ? ತಿಳಿದಿದ್ದರೆ 'ದ'. ತಿಳಿಯದಿದ್ದರೆ, ಎಣಿಸಬಹುದಾದ ಒಂದೇ ವಸ್ತುವಾದರೆ, 'ಎ' ಅಥವಾ 'ಆ್ಯನ್'. "ದ ಬಸ್ ಈಸ್ ಲೇಟ್" ಎಂದು ನಿಲ್ದಾಣದಲ್ಲಿ ಜೊತೆಗೆ ಕಾಯುತ್ತಿರುವವರಿಗೆ ಹೇಳಬಹುದು. ಹಿಂದುಮುಂದಿಲ್ಲದೆ ಪತ್ರದಲ್ಲಿ ಬರೆದರೆ ಓದುವವರು "ಯಾವ ಬಸ್ಸಪ್ಪಾ?" ಎನ್ನುತ್ತಾರೆ.

ಎರಡನೆಯದು, 'ಎ' ಬರಬೇಕೋ 'ಆ್ಯನ್' ಬರಬೇಕೋ ಎಂಬ ಗೊಂದಲ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದರೆ ಮೋಸ ಹೋಗುತ್ತೀರಿ. ಆ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದು ನೋಡಿ. ಮೊದಲಕ್ಷರ ಸ್ವರವಾದರೆ 'ಆ್ಯನ್', ವ್ಯಂಜನವಾದರೆ 'ಎ'. 'ಅವರ್', ಅಂದರೆ ಗಂಟೆ, ಸ್ವರದಿಂದ ಶುರು. ಆದ್ದರಿಂದ 'ಆ್ಯನ್ ಅವರ್'. 'ಯೂನಿವರ್ಸಿಟಿ' ಯಕಾರದಿಂದ ಶುರು; ಆದ್ದರಿಂದ 'ಎ ಯೂನಿವರ್ಸಿಟಿ'. 'ಎ ಬಿಎ ಸ್ಟೂಡೆಂಟ್', ಆದರೆ 'ಆ್ಯನ್ ಎಂಎ ಸ್ಟೂಡೆಂಟ್'. ಒಂದು ಎಚ್ಚರಿಕೆ: ನಮ್ಮ ಕಡೆ 'ಎಂಎಲ್ಎ' ಎನ್ನುವುದನ್ನು 'ಯಮ್ಮೆಲ್ಲೆ' ಎನ್ನುವ ರೂಢಿಯಿದೆ. ಹಾಗೆ ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ!

ಮೂರನೆಯದು ನಿಮ್ಮ ಕೈಯಲ್ಲೇ ಇರುವ ಸಂಪತ್ತು. ಮದರಸಾದಲ್ಲಿ ಅರಬ್ಬಿ ಕಲಿತವರು ಇಲ್ಲಿ ಎಷ್ಟೋ ಮಂದಿ ಇದ್ದೀರಿ. ಅರಬ್ಬಿಯಲ್ಲಿ 'ಕಿತಾಬುನ್' ಎಂದರೆ ಯಾವುದೋ ಒಂದು ಪುಸ್ತಕ, 'ಅಲ್ ಕಿತಾಬು' ಎಂದರೆ ಗೊತ್ತಿರುವ ಆ ಪುಸ್ತಕ. ಈ 'ಅಲ್' ಮಾಡುವುದು 'ದ'ದ ಕೆಲಸವನ್ನೇ. ನಾನು ಮಾತು ಶುರು ಮಾಡಿದ 'ಅಸ್ಸಲಾಮು' ಪದದಲ್ಲೂ ಅದು ಅಡಗಿದೆ. 'ಅಲ್' ಮತ್ತು 'ಸಲಾಮ್' ಕೂಡಿದಾಗ ಲಕಾರ ಸಕಾರದಲ್ಲಿ ಕರಗಿತು. ಸೂರ್ಯನಿಗೆ 'ಅಷ್ಷಮ್ಸ್', ಚಂದ್ರನಿಗೆ 'ಅಲ್ ಕಮರ್'. ಇಂಗ್ಲಿಷಿನಲ್ಲೂ 'ದ ಸನ್', 'ದ ಮೂನ್'. ಆಕಾಶದಲ್ಲಿ ನಮಗೆ ಕಾಣುವವು ಒಂದೊಂದೇ, ಕೇಳುವವರಿಗೆ ಸಂಶಯವಿಲ್ಲ. ಅರಬ್ಬಿಯ 28 ಅಕ್ಷರಗಳಲ್ಲಿ 14ರ ಮುಂದೆ 'ಅಲ್' ಹೀಗೆ ಧ್ವನಿ ಬದಲಿಸುತ್ತದೆ. ಇಂಗ್ಲಿಷಿನಲ್ಲೂ ವ್ಯಂಜನದ ಮುಂದೆ 'ದ' ಎನ್ನುವುದು ಸ್ವರದ ಮುಂದೆ 'ದಿ' ಆಗುತ್ತದೆ. ಬರೆಯುವುದು ಒಂದೇ ತರಹ. ಈ ಕಿವಿ ನಿಮಗೆ ಚಿಕ್ಕಂದಿನಿಂದಲೇ ಬಂದಿದೆ.

ಆದರೆ ಎರಡನ್ನೂ ಪೂರ್ತಿ ಒಂದೇ ಎಂದು ತಿಳಿಯಬೇಡಿ. 'ಅಲ್ ಇಲ್ಮು ನೂರುನ್' ಎಂಬ ಮಾತು ನೀವು ಕೇಳಿದ್ದೀರಿ. ಜ್ಞಾನವೇ ಬೆಳಕು. ಅರಬ್ಬಿಯಲ್ಲಿ 'ಇಲ್ಮು' ಎನ್ನುವುದಕ್ಕೆ 'ಅಲ್' ಬೇಕು. ಇಂಗ್ಲಿಷಿನಲ್ಲಿ "ನಾಲೆಡ್ಜ್ ಈಸ್ ಲೈಟ್" ಎಂದಷ್ಟೇ ಸಾಕು, 'ದ' ಬೇಡ. ಒಟ್ಟಾರೆ ಜ್ಞಾನ, ಪ್ರಾಮಾಣಿಕತೆ, ಆರೋಗ್ಯ ಎನ್ನುವಾಗ ಇಂಗ್ಲಿಷ್ ಆರ್ಟಿಕಲ್ ಬಿಡುತ್ತದೆ. ಊರ ಹೆಸರಿಗೂ ಬೇಡ. 'ಕೊಟ್ಟೂರು' ಎಂದರೆ ಕೊಟ್ಟೂರೇ. ನದಿಯ ಹೆಸರಿಗೆ ಮಾತ್ರ ಬೇಕು; ಹಡಗಲಿಯ ಪಕ್ಕ ಹರಿಯುವುದು 'ದ ತುಂಗಭದ್ರಾ'.

ಇಷ್ಟು ಚಿಕ್ಕ ಪದ ಬಿಟ್ಟರೇನು ನಷ್ಟ ಎನ್ನಬೇಡಿ. "ಸರ್, ಐ ಹ್ಯಾವ್ ಫ್ಯೂ ಡೌಟ್ಸ್" ಎಂದರೆ ನನಗೆ ಸಂಶಯ ಇಲ್ಲವೆನ್ನುವಷ್ಟು ಕಡಿಮೆ ಎಂದರ್ಥ. ಗುರುಗಳು ಸಂತೋಷದಿಂದ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. "ಐ ಹ್ಯಾವ್ ಎ ಫ್ಯೂ ಡೌಟ್ಸ್" ಎಂದರೆ ಕೆಲವು ಸಂಶಯಗಳಿವೆ, ನಿಂತು ಹೇಳಿಕೊಡಿ ಎಂದು. ಒಂದು 'ಎ' ಬಿಟ್ಟಿದ್ದಕ್ಕೆ ಒಂದು ಪಾಠವೇ ಕೈತಪ್ಪಬಹುದು.

ಆದರೂ ಮಕ್ಕಳೇ, 'ಎ' ಮರೆತರೂ ಪರವಾಗಿಲ್ಲ, ಸಂಶಯ ಕೇಳುವುದನ್ನು ಮರೆಯಬೇಡಿ. ತಪ್ಪಿದ ಆರ್ಟಿಕಲ್ಲನ್ನು ನಿಮ್ಮ ಗುರುಗಳು ತಿದ್ದಬಲ್ಲರು. ಆಡದೇ ಉಳಿದ ಮಾತನ್ನು ಯಾರೂ ತಿದ್ದಲಾರರು. ಇಂದು ಮನೆಗೆ ಹೋದ ಮೇಲೆ ನಿಮ್ಮ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆಯಿರಿ. ಪ್ರತಿ ನಾಮಪದದ ಹತ್ತಿರ ನಿಂತು, ಓದುವವರಿಗೆ ಇದು ಗೊತ್ತೇ ಎಂದು ಕೇಳಿಕೊಳ್ಳಿ. ಎದುರಿಗಿರುವವರ ತಿಳಿವಳಿಕೆಯನ್ನು ಗಮನಿಸಿ ಮಾತಾಡುವುದು ವ್ಯಾಕರಣವೂ ಹೌದು, ಅದಬ್ ಕೂಡ ಹೌದು.