ಮಾಟುಂಗದಲ್ಲಿ ಒಂದು ಶನಿವಾರ

ಬೆಂಗಳೂರಲ್ಲಿರೋ ಗೆಳೆಯರು ಫೋನ್ ಮಾಡಿದಾಗೆಲ್ಲ ಕೇಳೋದು ಒಂದೇ: "ಮುಂಬೈಲಿ ವೀಕೆಂಡ್ ಏನ್ ಮಾಡ್ತೀರೋ?" ನಿಜ ಹೇಳ್ಬೇಕಂದ್ರೆ ನಾನು ನಿದ್ದೆ ಮಾಡ್ತೀನಿ, ಇಲ್ಲಾ ಲ್ಯಾಪ್‌ಟಾಪ್ ಮುಂದೆ ಇರ್ತೀನಿ. ನನ್ನ ಹೆಂಡತಿ ಏನು ಮಾಡ್ತಾಳೆ ಅಂತ ಬಹಳ ದಿನ ನಾನು ಯೋಚನೆ ಕೂಡ ಮಾಡಿರ್ಲಿಲ್ಲ.

ನಾನು ದಾವಣಗೆರೆಯವನು. ಎಂ.ಟೆಕ್ ಮಾಡೋಕೆ ಪೊವಾಯಿಗೆ ಬಂದವನು ಇಲ್ಲೇ ಕೆಲಸ ಹಿಡಿದು ಉಳಿದೆ. ಅವಳು ಕುಮಟಾದವಳು. ಬೆಂಗಳೂರಿನ ಕೆಲಸ ಬಿಟ್ಟು, ಮದುವೆಯಾಗಿ, ಐರೋಲಿಯ ಹನ್ನೊಂದನೇ ಮಹಡಿಗೆ ಬಂದು ಆಗ ಹದಿನಾಲ್ಕು ತಿಂಗಳು. ಒಂದು ಶುಕ್ರವಾರ ರಾತ್ರಿ ಅನ್ನ ಬಡಿಸ್ತಾ, "ನಾನು ಸ್ವಲ್ಪ ದಿನ ಊರಲ್ಲಿ ಇದ್ದು ಬರ್ತೀನಿ" ಅಂದ್ಲು. ಎಷ್ಟು ದಿನ ಅಂತ ಅವಳೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಬದಲಿಗೆ, "ನಾಳೆ ಮಾಟುಂಗಕ್ಕೆ ಹೋಗೋಣ್ವಾ?" ಅಂದೆ. ಕಲಬುರಗಿಯ ನನ್ನ ಹಾಸ್ಟೆಲ್ ಗೆಳೆಯ, ಅವನ ಮರಾಠಿ ಹೆಂಡತಿ, ಇಬ್ರೂ ಮುಲುಂಡಿಂದ ಬರ್ತೀವಿ ಅಂದ್ರು.

ನೀವೂ ಹೋಗೋದಿದ್ರೆ ಶನಿವಾರವೇ ಹೋಗಿ. ಭಾನುವಾರ ಸೆಂಟ್ರಲ್ ಲೈನಲ್ಲಿ ಮೆಗಾ ಬ್ಲಾಕ್ ಕಾಟ. ಐರೋಲಿಯಿಂದ ಠಾಣೆ, ಅಲ್ಲಿಂದ ಸ್ಲೋ ಲೋಕಲ್. ಫಾಸ್ಟ್ ಹತ್ತಿದ್ರೆ ಮಾಟುಂಗ ಕಣ್ಣೆದುರೇ ದಾಟಿ ದಾದರ್‌ನಲ್ಲಿ ಇಳೀತೀರಿ. ಅಂದ ಹಾಗೆ, ದೇಶದಲ್ಲೇ ಮೊದಲು ಪೂರ್ತಿ ಮಹಿಳಾ ಸಿಬ್ಬಂದಿ ನಡೆಸಿದ ಸ್ಟೇಷನ್ ಇದು, 2017ರಿಂದ.

ಈಸ್ಟ್ ಕಡೆ ಹೊರಗೆ ಬಂದ್ರೆ ಮಲ್ಲಿಗೆ, ಬಾಳೆ ಎಲೆ, ಕಾಫಿ ಪುಡಿ ಎಲ್ಲದರ ವಾಸನೆ ಒಟ್ಟಿಗೆ ಬರುತ್ತೆ. ರಸ್ತೆ ನೇರ, ಮರಗಳು ದೊಡ್ಡವು. 1896ರ ಪ್ಲೇಗ್ ಆದ್ಮೇಲೆ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ನಕ್ಷೆ ಹಾಕಿ ಮಾಡಿದ ಬಡಾವಣೆ ಅದು. ದಕ್ಷಿಣದಿಂದ ಆಫೀಸು ಕೆಲಸಕ್ಕೆ ಬಂದವರು ಅಲ್ಲಿ ನೆಲೆಸಿದ್ರು, ಅವರಿಗೆ ಅನ್ನ ಹಾಕೋಕೆ ನಮ್ಮ ಕರಾವಳಿಯವರು ಬಂದ್ರು. ಅವರೂ ಒಂಥರಾ ನಮ್ಮ ಹಾಗೇ, ಲ್ಯಾಪ್‌ಟಾಪ್ ಇರ್ಲಿಲ್ಲ ಅಷ್ಟೇ. ಕೆಫೆ ಮದ್ರಾಸ್ 1940ರದ್ದು. ಹೆಸರು ಮದ್ರಾಸ್, ನಡೆಸೋರು ಕಾಮತರು.

ಅಲ್ಲಿ ಫುಟ್‌ಪಾತ್ ಮೇಲೆ ಹೆಸರು ಬರೆಸಿ ಕಾಯ್ಬೇಕು. ನಮ್ಮ ಸರದಿಗೆ ಇನ್ನೆರಡು ಟೇಬಲ್ ಬಾಕಿ ಇರುವಾಗ ನನ್ನ ಫೋನ್ ಕಿರುಚಿತು. ಆ ವಾರ ನಾನು ಆನ್‌ಕಾಲ್. ಪಕ್ಕದ ಕಟ್ಟಡದ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದೆ. ಡೇಟಾಬೇಸ್ ಕನೆಕ್ಷನ್ ಎಲ್ಲಾ ಖಾಲಿ. ಸರಿ ಮಾಡಿ ತಲೆ ಎತ್ತೋವಾಗ ಐವತ್ತು ನಿಮಿಷ ಆಗಿತ್ತು. ಗೆಳೆಯ ನನ್ನ ಪಾಲಿನ ರಾಗಿ ದೋಸೆ ಪೊಟ್ಟಣ ಕಟ್ಟಿಸಿಕೊಂಡು ಎದುರಿಗೆ ನಿಂತಿದ್ದ. ಆರಿದ ರಾಗಿ ದೋಸೆ ಬಗ್ಗೆ ದಾವಣಗೆರೆಯವನ ಹತ್ರ ಏನೂ ಕೇಳ್ಬೇಡಿ. ಹೆಂಡತಿ ಮಾತ್ರ ಕಾಣ್ಲಿಲ್ಲ.

ಹೂವಿನ ಅಂಗಡಿ ಮುಂದೆ ಸಿಕ್ಕಳು. ಒಬ್ಬ ವಯಸ್ಸಾದ ಅಮ್ಮನ ಜೊತೆ ಮಾತಾಡ್ತಾ ನಿಂತಿದ್ಲು, ಜೋರಾಗಿ, ಕೈ ಆಡಿಸ್ಕೊಂಡು. ಅಷ್ಟು ಜೋರು ದನಿ ನಾನು ಐರೋಲಿ ಮನೇಲಿ ಕೇಳೇ ಇರ್ಲಿಲ್ಲ. ಆ ಅಮ್ಮ ಹೊನ್ನಾವರದ ಕಡೆಯವರು. ಮದುವೆಯಾಗಿ 1971ರಲ್ಲಿ ಬಂದವರಂತೆ. "ಆಗ ರೈಲೆಲ್ಲಿತ್ತು ತಂಗೀ? ಬಸ್ಸಲ್ಲಿ ಕೂತು ಕೂತು ಸೊಂಟ ಹೋಗ್ತಿತ್ತು" ಅಂದ್ರು. ಹೌದಲ್ಲ, ಕೊಂಕಣ ರೈಲು ಪೂರ್ತಿಯಾಗಿದ್ದೇ 1998ರಲ್ಲಿ. "ಮೊದಲನೇ ವರ್ಷ ದಿನಾ ಅತ್ತಿದ್ದೆ. ಆಮೇಲೆ ಹೂವು ತರೋ ನೆಪ ಮಾಡಿ ಹೊರಗೆ ಬರೋಕೆ ಶುರು ಮಾಡ್ದೆ."

"ಅಳು ನಿಂತ್ತಾ?" ನನ್ನವಳು ಕೇಳಿದ್ಲು.

"ನಿಲ್ಲೋದೆಂತದು. ಕಮ್ಮಿ ಆಯ್ತು."

ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್‌ನಲ್ಲಿ ನೋಡಿದ ನಾಟಕಗಳ ಕತೆಗೆ ಹೋದ್ರು ಆಮೇಲೆ. 1926ರ ಸಂಸ್ಥೆ ಅದು. ನಾನು ಮುಂಬೈಗೆ ಬಂದು ಒಂಬತ್ತು ವರ್ಷ, ಒಳಗೆ ಕಾಲಿಟ್ಟಿಲ್ಲ.

ನಾನು ಆ ಕಡೆ ಹೋಗಿ ಪುಣೆಯ ಸಹೋದ್ಯೋಗಿಗೆ ಫೋನ್ ಮಾಡಿ, "ಸಂಜೆ ತನಕ ನನ್ನ ಆನ್‌ಕಾಲ್ ನೋಡ್ಕೊಳ್ತೀಯಾ?" ಅಂದೆ. "ಸರಿ" ಅಂದ. ಅಷ್ಟೇ. ಹದಿನಾಲ್ಕು ತಿಂಗಳಲ್ಲಿ ಒಂದು ಸಲನೂ ನಾನು ಕೇಳಿರ್ಲಿಲ್ಲ.

ಮಧ್ಯಾಹ್ನ ಸ್ಟೇಷನ್ ಹತ್ತಿರದ ರಾಮಾ ನಾಯಕರ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಎಲೆ ಊಟ. 1942ರಿಂದ ಇದೆ. ಗೆಳೆಯನ ಹೆಂಡತಿ ಸಾರನ್ನ ಬಟ್ಟಲಲ್ಲೇ ಕುಡಿದ್ಲು, ಅನ್ನದ ಮಧ್ಯೆ ಗುಂಡಿ ಮಾಡಿ ಹಾಕ್ಕೋ ಅಂತ ನನ್ನವಳು ಮರಾಠಿ, ಹಿಂದಿ, ಕೈಸನ್ನೆ ಮೂರರಲ್ಲೂ ಹೇಳಿಕೊಟ್ಲು. ಆಮೇಲೆ ಫೈವ್ ಗಾರ್ಡನ್ಸ್ ಬೆಂಚಲ್ಲಿ ಕೂತ್ವಿ, ಗೆಳೆಯ ಕೂತಲ್ಲೇ ನಿದ್ದೆ ಹೋದ. ಏಳಿಸ್ಲಿಲ್ಲ.

ವಾಪಸ್ ಲೋಕಲ್‌ನಲ್ಲಿ ಸೀಟ್ ಸಿಕ್ತು. ಹಿಂದಿನ ರಾತ್ರಿ ಕೇಳ್ದೇ ಇದ್ದಿದ್ದನ್ನ ಕೇಳಿದೆ: "ಊರಿಗೆ ಹೋದ್ರೆ ಎಷ್ಟು ದಿನ?"

ಸ್ವಲ್ಪ ಹೊತ್ತು ಕಿಟಕಿ ನೋಡಿದ್ಲು. "ಗೊತ್ತಿಲ್ಲ. ಚೌತಿಗಂತೂ ಹೋಗ್ತೀನಿ. ಮುಂದಿನ ಶನಿವಾರ ಆ ಅಮ್ಮ ಮನೆಗೆ ಬಾ ಅಂದಿದಾರೆ, ನಂಬರ್ ಕೊಟ್ಟಿದಾರೆ."

"ನಾನೂ ಬರ್ಲಾ?"

"ಬೇಡ" ಅಂದ್ಲು, ಪೊಟ್ಟಣ ಬಿಚ್ಚಿ ಮಲ್ಲಿಗೆ ಬಾಡಿದೆಯಾ ನೋಡ್ತಾ. "ನೀನು ಮನೇಲಿ ನಿದ್ದೆ ಮಾಡು."