ಕ್ಷಯವೆಂದು ತಿಳಿದ ಮೇಲೆ: ಮನೆಯವರಿಗೂ ಸಂಘಕ್ಕೂ ನಾಲ್ಕು ಮಾತು

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಮನುಷ್ಯರ ಕಾಯಿಲೆಯ ಬಗ್ಗೆ ಏಕೆ ಮಾತನಾಡುತ್ತಾರೆಂದು ತಮಗೆ ಅನ್ನಿಸಬಹುದು. ಕಾರಣವಿದೆ. ಶ್ವಾಸಕೋಶದ ಕ್ಷಯ, ಅಂದರೆ ಟಿ.ಬಿ. ಎಂದು ಆಸ್ಪತ್ರೆಯಲ್ಲಿ ಹೇಳಿದ ಕೂಡಲೇ ಹಾಲು ಹಾಕುವವರ ಮನೆಯಲ್ಲಿ ಏಳುವ ಪ್ರಶ್ನೆ, "ಇನ್ನು ಡೇರಿಯಲ್ಲಿ ನಮ್ಮ ಹಾಲು ತಗೋತಾರಾ?" ಎಂಬುದು. ಈ ಭಯದಿಂದ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟವರು ಮಾತ್ರೆಯನ್ನೂ ಕದ್ದು ನುಂಗಬೇಕಾಗುತ್ತದೆ; ಕೊನೆಗೆ ಬಿಟ್ಟೇ ಬಿಡುತ್ತಾರೆ. ಜೀವಕ್ಕೆ ಅಪಾಯವಿರುವುದು ಇಲ್ಲಿ.

ಮೊದಲು ಹಾಲಿನ ಮಾತು. ಶ್ವಾಸಕೋಶದ ಕ್ಷಯ ಹರಡುವುದು ರೋಗಿ ಕೆಮ್ಮಿದಾಗ, ಸೀನಿದಾಗ ಗಾಳಿಯ ಮೂಲಕ. ಕ್ಯಾನು, ತಟ್ಟೆ, ಲೋಟ ಮುಟ್ಟುವುದರಿಂದಲ್ಲ. ಡೇರಿಯಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿದಾಗ ಕ್ಷಯದ ಕ್ರಿಮಿ ಸಾಯುತ್ತದೆ. ಆದ್ದರಿಂದ ಆ ಮನೆಯ ಹಾಲನ್ನು ಬೇಡವೆನ್ನಲು ಕಾರಣವಿಲ್ಲ. ಮೊದಲ ಕೆಲವು ವಾರ ಮನೆಯ ಬೇರೊಬ್ಬರು ಹಾಲು ಕರೆದು ತಂದು ಹಾಕಲಿ. ರೋಗಿಗೂ ವಿಶ್ರಾಂತಿ ಬೇಕು.

ಇನ್ನು ಔಷಧಿ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ 6 ತಿಂಗಳು: ಮೊದಲ 2 ತಿಂಗಳು ನಾಲ್ಕು ಔಷಧಿ, ಮುಂದಿನ 4 ತಿಂಗಳು ಮೂರು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗಿ ಹಸಿವು ಹೆಚ್ಚುತ್ತದೆ. "ವಾಸಿಯಾಯಿತು" ಎಂದು ಮಾತ್ರೆ ಬಿಡುವುದು ಆಗಲೇ. ಕೆಚ್ಚಲು ಬಾವಿಗೆ ಔಷಧಿ ಹಾಕಿಸಿ, ಊತ ಇಳಿಯಿತೆಂದು ನಡುವೆ ನಿಲ್ಲಿಸಿದಾಗ ರೋಗ ಮರುಕಳಿಸಿ ಮೊಲೆಯೇ ಬತ್ತಿದ್ದನ್ನು ತಾವು ಕಂಡಿದ್ದೀರಿ. ಇಲ್ಲೂ ಹಾಗೆಯೇ. ಅರ್ಧಕ್ಕೆ ಬಿಟ್ಟರೆ ಕ್ರಿಮಿ ಮದ್ದಿಗೆ ಬಗ್ಗದಂತಾಗಬಹುದು. ಆಗ ಚಿಕಿತ್ಸೆ ಇನ್ನೂ ಕಷ್ಟ.

ಮಾತ್ರೆ ತೆಗೆದುಕೊಳ್ಳುವಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಂದೇ ವೈದ್ಯರಿಗೆ ತೋರಿಸಿ. ಬೀಡಿ, ಹೆಂಡ ಬಿಡಿ.

ಮನೆಯವರು ರೋಗಿಯ ತಟ್ಟೆ ಬೇರೆ ಇಡಬೇಕಿಲ್ಲ, ಕಿಟಕಿ ತೆರೆದಿಡಬೇಕು. ರೋಗಿ ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ, ಕಂಡಲ್ಲಿ ಉಗುಳದಿರಲಿ. ಒಂದೇ ಸೂರಿನಡಿ ಇರುವವರೆಲ್ಲ, ಅದರಲ್ಲೂ ಮಕ್ಕಳು, ತಪಾಸಣೆ ಮಾಡಿಸಿಕೊಳ್ಳಬೇಕು. ರೋಗ ಬಾರದಂತೆ ಕೊಡುವ ಮಾತ್ರೆಗಳೂ ಇವೆ. ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. ಬ್ಯಾಂಕ್ ಪಾಸ್‌ಬುಕ್ ಒಯ್ದು ಆಸ್ಪತ್ರೆಯಲ್ಲಿ ಹೆಸರು ಬರೆಸಿ. ಕರೆದ ಹಾಲನ್ನೆಲ್ಲ ಡೇರಿಗೆ ಸುರಿಯದೆ ರೋಗಿಗೂ ಮಕ್ಕಳಿಗೂ ಉಳಿಸಿ. ಆದರೆ ಹಸಿ ಹಾಲು ಕುಡಿಯಬೇಡಿ, ಕಾಯಿಸಿಯೇ ಕುಡಿಯಿರಿ. ದನಗಳಿಗೂ ಕ್ಷಯ ಬರುತ್ತದೆ, ಅದು ಹಸಿ ಹಾಲಿನಿಂದ ಮನುಷ್ಯರಿಗೆ ದಾಟಬಲ್ಲದು. ಮೇವು ತಿಂದರೂ ಸೊರಗುತ್ತಾ ಬಹು ದಿನ ಕೆಮ್ಮುವ ರಾಸು ಇದ್ದರೆ ನಮಗೆ ತಿಳಿಸಿ. ಕುತ್ತಿಗೆಯ ಚರ್ಮಕ್ಕೆ ಚುಚ್ಚುಮದ್ದು ಕೊಟ್ಟು 72 ಗಂಟೆಗಳ ನಂತರ ನೋಡುವ ಪರೀಕ್ಷೆ ಇದೆ.

ಕೊನೆಯದಾಗಿ ಸಂಘಕ್ಕೆ ಒಂದು ವಿನಂತಿ. ಸದಸ್ಯರೊಬ್ಬರ ಕಾಯಿಲೆ ತಮ್ಮ ಕಿವಿಗೆ ಬಿದ್ದರೆ ಹಾಲು ಹಾಕುವ ಸಾಲಿನಲ್ಲಿ ಅದು ಚರ್ಚೆಯಾಗದಿರಲಿ. ಆ ಮನೆಗೆ ಒಂದು ಹೊರೆ ಹುಲ್ಲು ಹಾಕಿ, "ಮಾತ್ರೆ ತಗೊಂಡಿರಾ?" ಎಂದು ಕೇಳಿ. ಆರು ತಿಂಗಳು ಹೀಗೆ ನಡೆಸಿಕೊಟ್ಟರೆ ಆ ಸದಸ್ಯರು ಗುಣವಾಗಿ, ತಾವೇ ಹಾಲು ಹೊತ್ತು ತರುತ್ತಾರೆ.